ಉರುಟಾದುದನ್ನು ಅಳೆಯುವ ಬಗೆ: ಬಾವಿ, ಡ್ರಮ್, ರಾಶಿ

ಮಳೆಗಾಲ ಹಿಡಿದ ಮೇಲೆ ಕಾಸರಗೋಡಿನ ಕಡೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕೆಲಸ ಬರುತ್ತದೆ. ಸಾಮಾನ್ಯ ಶುದ್ಧೀಕರಣಕ್ಕೆ 1,000 ಲೀಟರ್ ನೀರಿಗೆ 2.5 ಗ್ರಾಂ ಎಂಬ ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತರು ಹೇಳಿಕೊಟ್ಟಿರುತ್ತಾರೆ. ಬಾವಿಯಲ್ಲಿ ಎಷ್ಟು ಸಾವಿರ ಲೀಟರ್ ಇದೆ ಎನ್ನುವುದನ್ನು ಮಾತ್ರ ನಾವೇ ಲೆಕ್ಕ ಹಾಕಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ ಅಲ್ಲಿ ಕೈಕೊಡುತ್ತದೆ. ಸೂತ್ರ ಮರೆತಿರುವುದಕ್ಕಿಂತ ಹೆಚ್ಚಾಗಿ, ಅದರೊಳಗೆ ಯಾವ ಅಳತೆಯನ್ನು ಇಡಬೇಕು ಎಂಬಲ್ಲಿ ಎಡವುವುದೇ ಜಾಸ್ತಿ.

ಒಳವ್ಯಾಸ 3 ಮೀಟರ್ ಇರುವ ಬಾವಿಯಲ್ಲಿ 4 ಮೀಟರ್ ನೀರು ನಿಂತಿದೆ ಎನ್ನಿ. ತ್ರಿಜ್ಯ ಎಂದರೆ ವ್ಯಾಸದ ಅರ್ಧ, 1.5 ಮೀಟರ್. ಅದರ ವರ್ಗ 2.25. ಅದನ್ನು ಪೈ, ಅಂದರೆ 3.1416ರಿಂದ ಗುಣಿಸಿದರೆ ನೀರಿನ ಮೇಲ್ಮೈ ವಿಸ್ತೀರ್ಣ 7.07 ಚದರ ಮೀಟರ್. ನಾಲ್ಕು ಮೀಟರ್ ಆಳದಿಂದ ಗುಣಿಸಿದರೆ 28.27 ಘನ ಮೀಟರ್. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಆದ್ದರಿಂದ 28,270 ಲೀಟರ್ ನೀರು, ಸುಮಾರು 71 ಗ್ರಾಂ ಪೌಡರ್. ತ್ರಿಜ್ಯ ಇಡಬೇಕಾದಲ್ಲಿ ಅವಸರದಲ್ಲಿ ವ್ಯಾಸವನ್ನೇ ಇಟ್ಟರೆ ಉತ್ತರ 1,13,100 ಲೀಟರ್ ಆಗುತ್ತದೆ, ಪೌಡರ್ 283 ಗ್ರಾಂ. ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಳತೆ ವರ್ಗಕ್ಕೆ ಏರುವುದರಿಂದ ಅದರಲ್ಲಿರುವ ತಪ್ಪೂ ವರ್ಗಕ್ಕೆ ಏರುತ್ತದೆ. ಉರುಟು ವಸ್ತುಗಳ ಲೆಕ್ಕದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ.

ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ಪೈ ಗುಣಿಸಿದಷ್ಟೇ ಏಕೆ? ತೆಂಗಿನ ನಾರಿನ ಹಗ್ಗವನ್ನು ನೆಲದ ಮೇಲೆ ಒತ್ತೊತ್ತಾಗಿ ಸುತ್ತಿ ಉರುಟು ಚಾಪೆಯಂತೆ ಮಾಡಿದ್ದೇವೆ ಎಂದುಕೊಳ್ಳಿ. ಅಂಚಿನಿಂದ ನಡುವಿನವರೆಗೆ ಒಂದೇ ಗೆರೆಯಲ್ಲಿ ಕತ್ತರಿಸಿ ಎಲ್ಲ ಸುತ್ತುಗಳನ್ನೂ ನೇರ ಮಾಡಿ ಒಂದರ ಮೇಲೊಂದು ಇಟ್ಟರೆ ತ್ರಿಕೋನ ಸಿಗುತ್ತದೆ. ಅತ್ಯಂತ ಹೊರಗಿನ ಸುತ್ತು ಅದರ ಪಾದ, ಅದರ ಉದ್ದ ವೃತ್ತದ ಪರಿಧಿಯಷ್ಟು. ನಡುವಿನ ತುಂಡು ತುದಿ. ತ್ರಿಕೋನದ ಎತ್ತರ ತ್ರಿಜ್ಯದಷ್ಟು. ತ್ರಿಕೋನದ ವಿಸ್ತೀರ್ಣ ಪಾದ ಗುಣಿಸು ಎತ್ತರದ ಅರ್ಧ. ಹಾಗಾಗಿ ವೃತ್ತದ ವಿಸ್ತೀರ್ಣ ಪರಿಧಿಯ ಅರ್ಧವನ್ನು ತ್ರಿಜ್ಯದಿಂದ ಗುಣಿಸಿದಷ್ಟು. ಪೈ ಎಂದರೆ ಪರಿಧಿಯು ವ್ಯಾಸದ ಎಷ್ಟು ಪಟ್ಟು ಎಂಬ ಸಂಖ್ಯೆ, ಆದ್ದರಿಂದ ಪರಿಧಿಯ ಅರ್ಧ ಎಂದರೆ ಪೈ ಗುಣಿಸು ತ್ರಿಜ್ಯ. ಮತ್ತೊಮ್ಮೆ ತ್ರಿಜ್ಯದಿಂದ ಗುಣಿಸಿದರೆ ಗೊತ್ತಿರುವ ಸೂತ್ರವೇ ಬಂತು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ‘ಲೀಲಾವತಿ’ ಎಂಬ ಗಣಿತಗ್ರಂಥದಲ್ಲಿ ಇದನ್ನೇ ಪರಿಧಿಯನ್ನು ವ್ಯಾಸದ ಕಾಲು ಭಾಗದಿಂದ ಗುಣಿಸು ಎಂದು ಕೊಟ್ಟಿದ್ದಾರೆ. ಕೈಯಲ್ಲಿ ಟೇಪ್ ಹಿಡಿದು ಹೊರಟವರಿಗೆ ಆ ರೂಪವೇ ಹೆಚ್ಚು ಅನುಕೂಲ.

ವರ್ಗದ ಪ್ರಭಾವ ತೆಂಗಿನ ಬುಡದಲ್ಲೂ ಕಾಣುತ್ತದೆ. ಫಲ ಕೊಡುವ ತೆಂಗಿಗೆ 1.8 ಮೀಟರ್ ತ್ರಿಜ್ಯದಲ್ಲಿ ಉರುಟು ಕಟ್ಟೆ ಬಿಡಿಸಿ ಗೊಬ್ಬರ ಹಾಕುವುದು ವಾಡಿಕೆ. ಅದರ ವಿಸ್ತೀರ್ಣ 10.18 ಚದರ ಮೀಟರ್. ಕೆಲಸದವರು ಗೆರೆಯನ್ನು 30 ಸೆಂಟಿಮೀಟರ್ ಒಳಗೆ ಹಾಕಿ 1.5 ಮೀಟರಿಗೆ ನಿಲ್ಲಿಸಿದರೆ ವಿಸ್ತೀರ್ಣ 7.07ಕ್ಕೆ ಇಳಿಯುತ್ತದೆ. ಗೆರೆ ಆರರಲ್ಲಿ ಒಂದು ಪಾಲು ಮಾತ್ರ ಸರಿದದ್ದು, ಬುಡದ ಜಾಗ ಹತ್ತರಲ್ಲಿ ಮೂರು ಪಾಲು ಹೋಯಿತು. ಸರಿಯಾದ ಕಟ್ಟೆಯಲ್ಲಿ 5 ಸೆಂಟಿಮೀಟರ್ ನೀರು ನಿಲ್ಲಿಸಬೇಕಾದರೆ 10.18 ಗುಣಿಸು 0.05, ಅಂದರೆ 509 ಲೀಟರ್ ಬೇಕು.

ಇನ್ನು ಅಳೆಯುವ ವಿಚಾರ. ಬಾವಿಯ ನಟ್ಟನಡು ಎಲ್ಲಿದೆ ಎಂದು ಹುಡುಕಿ ತ್ರಿಜ್ಯ ಅಳೆಯಲು ಹೋಗಬೇಡಿ, ಅದು ಆಗದ ಕೆಲಸ. ಟೇಪಿನ ಒಂದು ತುದಿಯನ್ನು ಒಳಅಂಚಿನಲ್ಲಿ ಒಬ್ಬರು ಹಿಡಿದುಕೊಳ್ಳಲಿ. ಎದುರು ಬದಿಯವರು ಇನ್ನೊಂದು ತುದಿಯನ್ನು ಅಂಚಿನುದ್ದಕ್ಕೆ ಆಚೀಚೆ ಸರಿಸುತ್ತಾ ಹೋದಾಗ ಸಿಗುವ ಅತಿ ದೊಡ್ಡ ಅಳತೆಯೇ ವ್ಯಾಸ. ಅದಕ್ಕೆ ಅಡ್ಡವಾಗಿ ಇನ್ನೊಮ್ಮೆ ಅಳೆಯಿರಿ. ಹಳೆಯ ಮುರಕಲ್ಲಿನ ಬಾವಿಗಳು ಪೂರ್ತಿ ಉರುಟಾಗಿರುವುದು ಅಪರೂಪ. ಎರಡು ಅಳತೆಗಳು 3.1 ಮತ್ತು 2.9 ಎಂದು ಬಂದರೆ ಎರಡನ್ನೂ ಪರಸ್ಪರ ಗುಣಿಸಿ 0.7854ರಿಂದ ಗುಣಿಸಿ. 0.7854 ಎಂದರೆ ಪೈಯ ಕಾಲು ಭಾಗ. ವ್ಯಾಸದಿಂದಲೇ ನೇರವಾಗಿ ಲೆಕ್ಕ ಮಾಡುವವರಿಗೆ ಇದು ನೆನಪಿರಬೇಕಾದ ಸಂಖ್ಯೆ. ಆದರೆ ಈ ದಾರಿಯಲ್ಲಿ ಹೋದವರು ವ್ಯಾಸದ ಬದಲು ತ್ರಿಜ್ಯ ಇಟ್ಟರೆ ಉತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಿನ ಬಾವಿಗೆ 18 ಗ್ರಾಂ ಪೌಡರ್ ಹಾಕಿ ಶುದ್ಧವಾಯಿತು ಎಂದು ನಂಬಿದಂತಾಗುತ್ತದೆ. ಅದು ಹೆಚ್ಚು ಹಾಕುವುದಕ್ಕಿಂತಲೂ ಅಪಾಯ.

ಬಾವಿಕಟ್ಟೆಯ ಹೊರಸುತ್ತನ್ನು ಅಳೆಯುವುದು ಇನ್ನೂ ಸುಲಭ. ಆದರೆ ಕಟ್ಟೆಯ ದಪ್ಪವನ್ನು ಎರಡೂ ಬದಿಯಿಂದ ಕಳೆಯಬೇಕು. ಹೊರಸುತ್ತು 11.3 ಮೀಟರ್ ಬಂತು. ಪೈಯಿಂದ ಭಾಗಿಸಿದರೆ ಹೊರವ್ಯಾಸ 3.6 ಮೀಟರ್. ಕಟ್ಟೆಯ ದಪ್ಪ 30 ಸೆಂಟಿಮೀಟರ್. ಎರಡು ಬದಿ ಸೇರಿ 60 ಕಳೆದರೆ ಒಳವ್ಯಾಸ 3 ಮೀಟರ್. ಒಂದೇ ಬದಿ ಕಳೆದು 3.3 ಎಂದು ಹಿಡಿದರೆ ನೀರಿನ ಲೆಕ್ಕ ಶೇಕಡಾ 21ರಷ್ಟು ಉಬ್ಬುತ್ತದೆ. ಕಟ್ಟೆಗಿಂತ ಕೆಳಗೆ ಬಾವಿ ಅಗಲವಾಗಿದೆಯೇ, ಮೆಟ್ಟಿಲಂತೆ ಕಿರಿದಾಗಿದೆಯೇ ಎಂದು ಬಗ್ಗಿ ನೋಡಿ. ಲೆಕ್ಕಕ್ಕೆ ಬೇಕಾದದ್ದು ನೀರು ನಿಂತಿರುವ ಮಟ್ಟದ ವ್ಯಾಸ.

ಪೈಗೆ 22/7 ಹಿಡಿಯಬೇಕೋ 3.14 ಹಿಡಿಯಬೇಕೋ ಎಂದು ವಿದ್ಯಾರ್ಥಿಗಳು ಬಹಳ ಯೋಚಿಸುತ್ತಾರೆ. ನಮ್ಮ ಬಾವಿಯಲ್ಲಿ 22/7 ಹಿಡಿದರೆ ಬರುವ ಹೆಚ್ಚಳ ಸುಮಾರು 11 ಲೀಟರ್, ಒಂದು ಕೊಡದಷ್ಟು. ವ್ಯಾಸ ಅಳೆಯುವಾಗ ಟೇಪ್ ಒಂದೇ ಒಂದು ಸೆಂಟಿಮೀಟರ್ ಜಾರಿದರೆ ಬರುವ ವ್ಯತ್ಯಾಸ 188 ಲೀಟರ್. ಹದಿನಾಲ್ಕನೆಯ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವ ಪೈಯ ಬೆಲೆಯನ್ನು ಹತ್ತು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಕಂಡುಕೊಂಡಿದ್ದರು. ಖಗೋಳದ ಲೆಕ್ಕಕ್ಕೆ ಅಂಥ ಸೂಕ್ಷ್ಮ ಬೇಕು. ತೋಟದ ಲೆಕ್ಕಕ್ಕೆ 3.14 ಸಾಕು. ಶ್ರಮವನ್ನೆಲ್ಲ ಟೇಪಿನ ಮೇಲೆ ಹಾಕಿ.

ಮಾನಗಳನ್ನು ಬೆರೆಸುವುದು ಇನ್ನೊಂದು ದೊಡ್ಡ ಗೊಂದಲ. ಬಾವಿಯ ಆಳವನ್ನೂ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಉದ್ದವನ್ನೂ ನಮ್ಮಲ್ಲಿ ಕೋಲಿನಲ್ಲಿ ಹೇಳುವವರು ಈಗಲೂ ಇದ್ದಾರೆ. ಕೋಲು ಎಂದರೆ 72 ಸೆಂಟಿಮೀಟರ್ ಎಂಬುದು ಒಂದು ಲೆಕ್ಕ, ಎರಡೂವರೆ ಅಡಿ ಎಂಬುದು ಇನ್ನೊಂದು. ಎರಡೂವರೆ ಅಡಿಗೆ 76.2 ಸೆಂಟಿಮೀಟರ್ ಆಗುತ್ತದೆ. ಹತ್ತು ಕೋಲಿನ ಬಾವಿ ಮೊದಲನೆಯದರಲ್ಲಿ 7.2 ಮೀಟರ್, ಎರಡನೆಯದರಲ್ಲಿ 7.62. ಅಗೆಯುವ ಕೂಲಿ ಗೊತ್ತು ಮಾಡುವ ಮೊದಲೇ ಯಾವ ಕೋಲು ಎಂದು ಮಾತಾಡಿಕೊಳ್ಳಬೇಕು. ಲೆಕ್ಕಕ್ಕೆ ಕೂರುವ ಮುನ್ನ ಎಲ್ಲವನ್ನೂ ಮೀಟರಿಗೆ, ಇಲ್ಲವೇ ಎಲ್ಲವನ್ನೂ ಅಡಿಗೆ ತನ್ನಿ. ಒಂದು ಘನ ಅಡಿಗೆ 28.3 ಲೀಟರ್, ಒಂದು ಘನ ಮೀಟರಿಗೆ 35.3 ಘನ ಅಡಿ. ಸೆಂಟಿಮೀಟರಿನಲ್ಲಿ ಲೆಕ್ಕ ಮಾಡಿದವರು ಕೊನೆಗೆ ಬಂದ ಘನ ಸೆಂಟಿಮೀಟರನ್ನು 1,000ದಿಂದ ಭಾಗಿಸಿದರೆ ಲೀಟರ್.

ಬಾವಿ, ಡ್ರಮ್ಮಿನಂಥ ಆಕಾರ, ಅಂದರೆ ಸಿಲಿಂಡರಿನ ಘನಫಲದಲ್ಲಿ ಹೊಸದೇನೂ ಇಲ್ಲ. ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸುವುದು, ಅಷ್ಟೆ. ಇದರಿಂದ ಸಿಗುವ ಒಳ್ಳೆಯ ಉಪಯೋಗವೆಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಎಷ್ಟು ಲೀಟರ್ ಎಂದು ಒಮ್ಮೆ ಕಂಡುಕೊಂಡು ಬರೆದಿಡುವುದು. 3 ಮೀಟರ್ ವ್ಯಾಸದ ಬಾವಿಗೆ ಅದು 70.7 ಲೀಟರ್. ಸಾವಿರ ಲೀಟರಿನ ಟ್ಯಾಂಕಿಗೆ ಒಮ್ಮೆ ನೀರು ಏರಿಸಿದರೆ ಬಾವಿಯ ಮಟ್ಟ 14 ಸೆಂಟಿಮೀಟರ್ ಇಳಿಯಬೇಕು. ಅದಕ್ಕಿಂತ ಕಡಿಮೆ ಇಳಿದರೆ ಉಳಿದದ್ದು ಅಷ್ಟು ಹೊತ್ತಿನಲ್ಲಿ ಒರತೆಯಿಂದ ಬಂದ ನೀರು. ಒರತೆಯನ್ನು ಬೇರೆಯಾಗಿ ಅಳೆಯಲು ಪಂಪ್ ನಿಲ್ಲಿಸಿ, ಹಗ್ಗಕ್ಕೆ ಕಲ್ಲು ಕಟ್ಟಿ ಮಟ್ಟ ಗುರುತಿಸಿ, ಒಂದು ಗಂಟೆಯ ಮೇಲೆ ಮತ್ತೆ ನೋಡಿ. 10 ಸೆಂಟಿಮೀಟರ್ ಏರಿದ್ದರೆ ಗಂಟೆಗೆ 707 ಲೀಟರ್. ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಹೀಗೆ ನೋಡಿಟ್ಟರೆ ಬೇಸಗೆಯಲ್ಲಿ ಬಾವಿ ಎಷ್ಟು ತೋಟಕ್ಕೆ ಸಾಕಾಗುತ್ತದೆ ಎಂಬುದಕ್ಕೆ ಊಹೆಯ ಬದಲು ಅಂಕಿ ಸಿಗುತ್ತದೆ. ನೀರು ಕೆಳಗಿದ್ದಾಗ ಒರತೆ ಜೋರಾಗಿಯೂ ಮೇಲೇರಿದಂತೆ ನಿಧಾನವಾಗಿಯೂ ಬರುವುದರಿಂದ ಪ್ರತಿ ಸಲವೂ ಸುಮಾರು ಒಂದೇ ಮಟ್ಟದಿಂದ ಶುರು ಮಾಡಬೇಕು.

ಬಾವಿಗೆ ಇಳಿಸುವ ಕಾಂಕ್ರೀಟ್ ರಿಂಗಿನ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಬೇಕಾದದ್ದು ಗೋಡೆಯ ಘನಫಲ. ಒಳವ್ಯಾಸ 90 ಸೆಂಟಿಮೀಟರ್, ಗೋಡೆಯ ದಪ್ಪ 5, ಎತ್ತರ 50 ಎಂದಿರಲಿ. ಹೊರ ಸಿಲಿಂಡರಿನಿಂದ ಒಳ ಸಿಲಿಂಡರನ್ನು ಕಳೆಯಬಹುದು. ಅದಕ್ಕಿಂತ ಚುರುಕಾದ ದಾರಿ ಇದೆ: ಗೋಡೆಯ ದಪ್ಪದ ನಡುವಿನಲ್ಲಿ ಹಾದುಹೋಗುವ ವ್ಯಾಸ ತೆಗೆದುಕೊಳ್ಳಿ. ಅದು 95 ಸೆಂಟಿಮೀಟರ್. ಅದರ ಪರಿಧಿ 298.5. ಅದನ್ನು ದಪ್ಪ 5ರಿಂದ, ಎತ್ತರ 50ರಿಂದ ಗುಣಿಸಿದರೆ 74,600 ಘನ ಸೆಂಟಿಮೀಟರ್, ಅಂದರೆ 0.0746 ಘನ ಮೀಟರ್. ಇದು ಅಂದಾಜಲ್ಲ, ಕಳೆದು ಮಾಡಿದಾಗ ಬರುವ ಉತ್ತರವೇ. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. ಹಾಗಾದರೆ ರಿಂಗಿನ ತೂಕ ಸುಮಾರು 180 ಕಿಲೋ. ಹಗ್ಗ, ಕಪ್ಪಿ, ಆಳುಗಳನ್ನು ಆ ಭಾರಕ್ಕೆ ತಕ್ಕಂತೆ ಇಟ್ಟುಕೊಳ್ಳಬೇಕು.

ಅಡ್ಡಕೊಯ್ತ ಉದ್ದಕ್ಕೂ ಒಂದೇ ಇದ್ದರೆ ಆಕಾರ ಉರುಟಾಗಿರಲೇಬೇಕೆಂದೂ ಇಲ್ಲ. ಬಾಯಾರು, ಪೆರ್ಲ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳಿಗೂ ಸಿಲಿಂಡರಿನ ತತ್ವವೇ ಸಾಕು. ಅಗಲ 60 ಸೆಂಟಿಮೀಟರ್, ನೇರ ಗೋಡೆ 1.5 ಮೀಟರ್, ಮೇಲೆ ಅರ್ಧವೃತ್ತದ ಕಮಾನು ಇದ್ದರೆ ಕೆಳಭಾಗ 0.9 ಚದರ ಮೀಟರ್, ಕಮಾನು 0.14. ಒಟ್ಟು 1.04. ಮೂವತ್ತು ಮೀಟರ್ ಉದ್ದಕ್ಕೆ 31 ಘನ ಮೀಟರ್ ಮಣ್ಣು ಹೊರಬರುತ್ತದೆ. ಅಗೆದು ಸಡಿಲವಾದ ಮಣ್ಣು ಉಬ್ಬುವುದರಿಂದ ಹೊರಗೆ ಹಾಕಲು ಅದಕ್ಕಿಂತ ಕಾಲು ಭಾಗವಾದರೂ ಹೆಚ್ಚು ಜಾಗ ಇಟ್ಟುಕೊಳ್ಳಬೇಕು.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಶೇಕಡಾ 1ರದ್ದು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ದೊಡ್ಡ ಡ್ರಮ್ಮಿನಲ್ಲಿ ನೂರು ಲೀಟರ್ ಎಲ್ಲಿಗೆ ಬರುತ್ತದೆ? ಒಳವ್ಯಾಸ 57 ಸೆಂಟಿಮೀಟರ್ ಇದ್ದರೆ ಒಂದು ಸೆಂಟಿಮೀಟರಿಗೆ 2.55 ಲೀಟರ್. ನೂರು ಲೀಟರಿಗೆ ತಳದಿಂದ 39.2 ಸೆಂಟಿಮೀಟರಿನಲ್ಲಿ ಗೆರೆ ಎಳೆಯಿರಿ. ವ್ಯಾಸವನ್ನು ಕಣ್ಣಂದಾಜಿನಲ್ಲಿ 60 ಎಂದು ಹಿಡಿದವರ ಗೆರೆ 35.4ಕ್ಕೆ ಬೀಳುತ್ತದೆ. ಅಲ್ಲಿ ಇರುವುದು 90 ಲೀಟರ್, ದ್ರಾವಣ ಶೇಕಡಾ 1.1 ಆಗಿಬಿಡುತ್ತದೆ. ಡ್ರಮ್ಮಿನ ಸುತ್ತಳತೆ ತೆಗೆಯುವಾಗ ಉಬ್ಬಿದ ಪಟ್ಟಿಗಳ ಮೇಲೆ ಟೇಪ್ ಸುತ್ತಬೇಡಿ, ಎರಡು ಪಟ್ಟಿಗಳ ನಡುವೆ ಸುತ್ತಿ.

ಡ್ರಮ್ಮನ್ನು ಅಡ್ಡ ಮಲಗಿಸಿದರೆ ಈ ಗೆರೆಗಳು ಕೆಲಸಕ್ಕೆ ಬಾರವು. ಮಲಗಿದ ಡ್ರಮ್ಮಿನಲ್ಲಿ ಅರ್ಧ ಎತ್ತರಕ್ಕೆ ಅರ್ಧ ನೀರು ಸರಿ. ಆದರೆ ಕಾಲು ಎತ್ತರಕ್ಕೆ ಕಾಲು ಭಾಗವಲ್ಲ, ಶೇಕಡಾ 19.6 ಮಾತ್ರ. 200 ಲೀಟರಿನ ಡ್ರಮ್ಮಿನಲ್ಲಿ 50 ಎಂದುಕೊಂಡಲ್ಲಿ 39 ಲೀಟರ್ ಇರುತ್ತದೆ. ಕೆಳಗೆ ಡ್ರಮ್ಮು ಕಿರಿದು, ನಡುವಿಗೆ ಅಗಲ. ಪ್ರತಿ ಸೆಂಟಿಮೀಟರಿಗೂ ಲೀಟರ್ ಬೇರೆ ಬೇರೆ. ಗೊತ್ತಿರುವ ಅಳತೆಯ ಕೊಡದಿಂದ ಸುರಿದು ಗುರುತು ಹಾಕುವುದೇ ಇಲ್ಲಿ ಒಳ್ಳೆಯದು.

ಮರದ ದಿಮ್ಮಿಯೂ ಸಿಲಿಂಡರೇ. ಆದರೆ ಮರದ ವ್ಯಾಪಾರದಲ್ಲಿ ಬೇರೊಂದು ಲೆಕ್ಕ ಬಳಕೆಯಲ್ಲಿದೆ: ಸುತ್ತಳತೆಯ ಕಾಲು ಭಾಗದ ವರ್ಗವನ್ನು ಉದ್ದದಿಂದ ಗುಣಿಸುವುದು. ಸುತ್ತಳತೆ 1.6 ಮೀಟರ್, ಉದ್ದ 3 ಮೀಟರಿನ ಹಲಸಿನ ದಿಮ್ಮಿಗೆ ಈ ಕ್ರಮದಲ್ಲಿ 0.48 ಘನ ಮೀಟರ್. ನಿಜವಾದ ಘನಫಲಕ್ಕೆ ಸುತ್ತಳತೆಯ ವರ್ಗವನ್ನು ಪೈಯ ನಾಲ್ಕು ಪಟ್ಟಾದ 12.57ರಿಂದ ಭಾಗಿಸಿ ಉದ್ದದಿಂದ ಗುಣಿಸಬೇಕು. ಅದು 0.61 ಬರುತ್ತದೆ. ವ್ಯಾಪಾರದ ಲೆಕ್ಕ ಯಾವಾಗಲೂ ನಿಜದ ಶೇಕಡಾ 78.5 ಮಾತ್ರ. ಕೊಯ್ಯುವಾಗ ತೊಗಟೆ, ಹೊರಪಟ್ಟಿ ನಷ್ಟವಾಗುವುದನ್ನು ಅದು ಮೊದಲೇ ಕಳೆದಿಟ್ಟಂತಿದೆ. ಮಾರುವವರು ಬೆಲೆ ಮಾತಾಡುವಾಗ ಯಾವ ಅಳತೆಯ ಮೇಲೆ ಎಂದು ಕೇಳಲೇಬೇಕು.

ಈಗ ಶಂಕು, ಅಂದರೆ ಉರುಟು ತಳದಿಂದ ಮೇಲೆ ಮೊನೆಗೊಳ್ಳುವ ಆಕಾರ. ಅದರ ಘನಫಲ ಅದೇ ತಳ, ಅದೇ ಎತ್ತರದ ಸಿಲಿಂಡರಿನ ಮೂರರಲ್ಲಿ ಒಂದು ಪಾಲು. ತಗಡಿನ ಶಂಕುವಿನಿಂದ ಮೂರು ಸಲ ನೀರು ಸುರಿದು ಸಿಲಿಂಡರ್ ತುಂಬಿಸಿ ತೋರಿಸುವುದು ಶಾಲೆಗಳಲ್ಲಿ ಉಂಟು. ಅದರಿಂದ ನಂಬಿಕೆ ಬರುತ್ತದೆ, ಕಾರಣ ತಿಳಿಯುವುದಿಲ್ಲ. ಕಾರಣ ಹೀಗಿದೆ. ಉದ್ದ, ಅಗಲ, ಎತ್ತರ ಮೂರೂ ಸಮವಾಗಿರುವಂತೆ ಸುವರ್ಣಗೆಡ್ಡೆಯ ತುಂಡನ್ನು ಕತ್ತರಿಸಿಕೊಳ್ಳಿ. ಅದರ ಒಂದು ಮೂಲೆಯನ್ನು ಆರಿಸಿ. ಆ ಮೂಲೆಗೆ ತಾಗದ ಮುಖಗಳು ಮೂರೇ. ಆ ಪ್ರತಿಯೊಂದು ಮುಖವನ್ನೂ ತಳವಾಗಿಟ್ಟುಕೊಂಡು ಆ ಮೂಲೆಯಲ್ಲಿ ಮೊನೆಗೊಳ್ಳುವ ಹಾಗೆ ಕತ್ತರಿಸಿದರೆ ಇಡೀ ತುಂಡು ಮೂರು ಪಿರಮಿಡ್ಡುಗಳಾಗುತ್ತದೆ. ಮೂರೂ ಒಂದೇ ಗಾತ್ರದವು, ಏನೂ ಮಿಗುವುದಿಲ್ಲ. ಹಾಗಾಗಿ ಚೌಕ ತಳದ ಪಿರಮಿಡ್ಡು ತಳ ಗುಣಿಸು ಎತ್ತರದ ಮೂರನೇ ಒಂದು. ಮೊನೆ ಮೂಲೆಯ ಮೇಲಿದ್ದರೂ ನಡುವಿನ ಮೇಲಿದ್ದರೂ ಘನಫಲ ಅಷ್ಟೇ, ಏಕೆಂದರೆ ತೆಳು ಪದರಗಳನ್ನು ಪಕ್ಕಕ್ಕೆ ಸರಿಸಿದರೆ ಅವುಗಳ ಗಾತ್ರ ಬದಲಾಗದು. ಎತ್ತರವನ್ನು ಹಿಗ್ಗಿಸಿದರೆ ಘನಫಲವೂ ಅದೇ ಅನುಪಾತದಲ್ಲಿ ಹಿಗ್ಗುತ್ತದೆ. ಇನ್ನು ಚೌಕದ ಬದಲು ವೃತ್ತದ ತಳ ಇಡಿ. ಮೇಲೆ ಹೋದಂತೆ ವೃತ್ತದ ಪದರವೂ ಚೌಕದ ಪದರವೂ ಒಂದೇ ಅನುಪಾತದಲ್ಲಿ ಕಿರಿದಾಗುತ್ತವೆ. ಅರ್ಧ ಎತ್ತರದಲ್ಲಿ ಎರಡೂ ತಮ್ಮ ತಳದ ಕಾಲು ಭಾಗ. ಆದ್ದರಿಂದ ಆ ಮೂರನೇ ಒಂದು ಶಂಕುವಿಗೂ ಸಲ್ಲುತ್ತದೆ.

ಅಂಗಳದಲ್ಲಿ ರಾಶಿ ಹಾಕಿದ ಭತ್ತ ಶಂಕುವಿಗೆ ಬಹಳ ಹತ್ತಿರ. ರಾಶಿಯ ಒಳಗೆ ಕೋಲು ಚುಚ್ಚಿ ಎತ್ತರ ನೋಡುವ ಅಗತ್ಯವಿಲ್ಲ. ಬುಡದ ಸುತ್ತಳತೆ ಮತ್ತು ತುದಿಯಿಂದ ಬುಡದವರೆಗಿನ ಓರೆ ಅಳತೆ ಸಾಕು. ಸುತ್ತಳತೆ 6.28 ಮೀಟರ್ ಇದ್ದರೆ ತ್ರಿಜ್ಯ 1 ಮೀಟರ್. ಓರೆ ಅಳತೆ 1.25 ಎನ್ನಿ. ಅದರ ವರ್ಗ 1.5625ರಿಂದ ತ್ರಿಜ್ಯದ ವರ್ಗ 1 ಕಳೆದರೆ 0.5625, ಅದರ ವರ್ಗಮೂಲ 0.75. ಇದು ನಿಜವಾದ ಎತ್ತರ. ಘನಫಲ 3.1416 ಗುಣಿಸು 0.75, ಭಾಗಿಸು 3, ಅಂದರೆ 0.785 ಘನ ಮೀಟರ್. ಓರೆ ಅಳತೆಯನ್ನೇ ಎತ್ತರವೆಂದು ಇಟ್ಟರೆ 1.31 ಬರುತ್ತದೆ, ಮೂರರಲ್ಲಿ ಎರಡು ಪಾಲಿನಷ್ಟು ಸೊಗಸಾದ ಸುಳ್ಳು ಬೆಳೆ. ತೂಕ ಬೇಕಾದರೆ 10 ಲೀಟರಿನ ಬಕೆಟ್ಟಿಗೆ ಅದೇ ಭತ್ತವನ್ನು ಕುಲುಕದೆ ತುಂಬಿ ತೂಗಿ. 5.8 ಕಿಲೋ ಬಂದರೆ ರಾಶಿ ಸುಮಾರು 455 ಕಿಲೋ. ತೇವವೂ ಜೊಳ್ಳೂ ಈ ಸಂಖ್ಯೆಯನ್ನು ಬದಲಿಸುವುದರಿಂದ ಪ್ರತಿ ರಾಶಿಗೂ ಬೇರೆ ತೂಗಬೇಕು.

‘ಲೀಲಾವತಿ’ಯಲ್ಲಿ ರಾಶಿಗಳಿಗೆಂದೇ ಒಂದು ಭಾಗವಿದೆ. ಭತ್ತದಂತೆ ಮುಳ್ಳಿರುವ ಧಾನ್ಯದ ರಾಶಿಯ ಎತ್ತರ ಪರಿಧಿಯ ಒಂಬತ್ತನೇ ಒಂದು, ದಪ್ಪ ಧಾನ್ಯಕ್ಕೆ ಹತ್ತನೇ ಒಂದು, ಸಣ್ಣ ಧಾನ್ಯಕ್ಕೆ ಹನ್ನೊಂದನೇ ಒಂದು. ಧಾನ್ಯ ಒರಟಾದಷ್ಟೂ ರಾಶಿ ಕಡಿದಾಗಿ ನಿಲ್ಲುತ್ತದೆ ಎಂಬ ನೋಟ ಅದರಲ್ಲಿದೆ. ನಮ್ಮ ರಾಶಿಗೆ ಆ ಕ್ರಮದಲ್ಲಿ ಎತ್ತರ 0.70 ಮೀಟರ್ ಬರುತ್ತದೆ, ಅಳೆದ 0.75ಕ್ಕೆ ಅಷ್ಟೇನೂ ದೂರವಿಲ್ಲ. ಘನಫಲಕ್ಕೆ ಪರಿಧಿಯ ಆರನೇ ಒಂದರ ವರ್ಗವನ್ನು ಎತ್ತರದಿಂದ ಗುಣಿಸು ಎಂದಿದೆ. ಪೈಯನ್ನು 3 ಎಂದು ಹಿಡಿದರೆ ಶಂಕುವಿನ ಸೂತ್ರ ಹಾಗೆಯೇ ಸಂಕ್ಷೇಪವಾಗುತ್ತದೆ. ಇದರಿಂದ ಉತ್ತರ ಶೇಕಡಾ 4.7 ಹೆಚ್ಚಾಗುತ್ತದೆ, ಕಣದಲ್ಲಿ ನಿಂತು ಮನಸ್ಸಿನಲ್ಲೇ ಮಾಡುವ ಲೆಕ್ಕಕ್ಕೆ ಅದು ಒಳ್ಳೆಯ ಫಲಿತಾಂಶ. ಗೋಡೆಗೆ ಒರಗಿದ ರಾಶಿ ಅರ್ಧ ಶಂಕು, ಕೋಣೆಯ ಒಳಮೂಲೆಯದ್ದು ಕಾಲು, ಹೊರಮೂಲೆಯನ್ನು ಸುತ್ತಿದ್ದು ಮುಕ್ಕಾಲು ಎಂಬುದಕ್ಕೂ ಅಲ್ಲಿ ನಿಯಮವಿದೆ. ಕಂಡ ಸುತ್ತಳತೆಯನ್ನು ಕ್ರಮವಾಗಿ 2, 4, 4/3ರಿಂದ ಗುಣಿಸಿ ಪೂರ್ಣ ರಾಶಿಯ ಘನಫಲ ತೆಗೆದು, ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಬೇಕು.

ಟಿಪ್ಪರಿನಿಂದ ಸುರಿದ ಹೊಯ್ಗೆಯ (ಮರಳಿನ) ರಾಶಿ ಮಾತ್ರ ಉದ್ದಕ್ಕೆ ಬೀಳುತ್ತದೆ. ಅದನ್ನು ಶಂಕು ಎಂದು ಅಳೆದರೆ ಲೆಕ್ಕ ಕೆಡುತ್ತದೆ. ಎರಡು ತುದಿಯ ಅರ್ಧ ಶಂಕುಗಳನ್ನು ಸೇರಿಸಿ ಒಂದು ಶಂಕು, ನಡುವೆ ಮಾಡಿನಂಥ ಇಳಿಜಾರು ಭಾಗ ಎಂದು ಬಿಡಿಸಿಕೊಳ್ಳಿ. ಅಗಲ 2.4 ಮೀಟರ್, ಎತ್ತರ 0.8, ಒಟ್ಟು ಉದ್ದ 4.4 ಇದ್ದರೆ ನಡುವಿನ ಭಾಗದ ಉದ್ದ 2 ಮೀಟರ್. ಶಂಕು 1.21 ಘನ ಮೀಟರ್. ನಡುಭಾಗ ಅಗಲ ಗುಣಿಸು ಎತ್ತರದ ಅರ್ಧವನ್ನು ಉದ್ದದಿಂದ ಗುಣಿಸಿ 1.92. ಒಟ್ಟು 3.13 ಘನ ಮೀಟರ್, 110 ಘನ ಅಡಿ. ನೂರು ಘನ ಅಡಿಗೆ ಹಣ ಕೊಟ್ಟವರಿಗೆ ಸರಿಯಾಗಿ ಬಂದಿದೆ ಎಂದು ತಿಳಿಯಲು ಇಷ್ಟು ಸಾಕು.

ಶಂಕುವಿನ ಮೈಯ ವಿಸ್ತೀರ್ಣ ಬೇಕಾಗುವುದು ತಗಡಿನ ಕೆಲಸದಲ್ಲಿ. ಇಲ್ಲಿ ಎತ್ತರ ಬೇಡ, ಓರೆ ಅಳತೆಯೇ ಬೇಕು. ಪೈ ಗುಣಿಸು ತ್ರಿಜ್ಯ ಗುಣಿಸು ಓರೆ ಅಳತೆ. ತ್ರಿಜ್ಯ 15, ಎತ್ತರ 20 ಸೆಂಟಿಮೀಟರಿನ ಆಲಿಕೆಗೆ ಓರೆ ಅಳತೆ 25, ತಗಡು 1,178 ಚದರ ಸೆಂಟಿಮೀಟರ್. ಕತ್ತರಿಸುವಾಗ 25 ತ್ರಿಜ್ಯದ ವೃತ್ತ ಬರೆದು, 15ನ್ನು 25ರಿಂದ ಭಾಗಿಸಿ 360ರಿಂದ ಗುಣಿಸಿದ 216 ಡಿಗ್ರಿಯಷ್ಟು ಭಾಗ ಇಟ್ಟುಕೊಂಡು, ಅಂಟಿಸಲು ಎರಡು ಸೆಂಟಿಮೀಟರ್ ಪಟ್ಟಿ ಹೆಚ್ಚಿಗೆ ಬಿಡಬೇಕು. ಇಪ್ಪತ್ತು ತ್ರಿಜ್ಯದ ವೃತ್ತ ಬರೆದವರ ಆಲಿಕೆ ಗಿಡ್ಡವಾಗಿ ಹೊರಬರುತ್ತದೆ, ತಗಡೂ ಹಾಳು.

ಬಕೆಟ್ಟು, ಹೂಕುಂಡ, ಬದಿ ಇಳಿಜಾರಾಗಿ ತೋಡಿದ ಹೊಂಡ ಇವೆಲ್ಲ ತುದಿ ಕತ್ತರಿಸಿದ ಶಂಕುಗಳು. ಮೇಲಿನ ತ್ರಿಜ್ಯದ ವರ್ಗ, ಕೆಳಗಿನ ತ್ರಿಜ್ಯದ ವರ್ಗ, ಎರಡೂ ತ್ರಿಜ್ಯಗಳ ಗುಣಲಬ್ಧ ಇವನ್ನು ಕೂಡಿಸಿ, ಎತ್ತರ ಮತ್ತು ಪೈಯಿಂದ ಗುಣಿಸಿ, 3ರಿಂದ ಭಾಗಿಸಬೇಕು. ಮೇಲೆ 15, ಕೆಳಗೆ 10, ಎತ್ತರ 27 ಸೆಂಟಿಮೀಟರಿನ ಬಕೆಟ್ಟಿಗೆ 13.4 ಲೀಟರ್. ಸರಾಸರಿ ತ್ರಿಜ್ಯ 12.5 ಹಿಡಿದು ಸಿಲಿಂಡರಿನಂತೆ ಮಾಡಿದರೂ 13.25 ಬರುತ್ತದೆ. ಬದಿ ಕಡಿದಾಗಿದ್ದರೆ ಆ ಅಡ್ಡದಾರಿ ನಡೆಯುತ್ತದೆ. ಆದರೆ ಬಾಯಿ 6 ಮೀಟರ್, ತಳ 2 ಮೀಟರ್ ವ್ಯಾಸಕ್ಕೆ ಹರಡಿದ, 3 ಮೀಟರ್ ಆಳದ ಹೊಂಡಕ್ಕೆ ಸರಾಸರಿ ಹಿಡಿದರೆ 37.7 ಘನ ಮೀಟರ್, ನಿಜವಾದದ್ದು 40.8. ಮೂರು ಸಾವಿರ ಲೀಟರ್ ನೀರು ಲೆಕ್ಕದಿಂದ ಹೊರಗುಳಿಯುತ್ತದೆ. ಅಲ್ಲಿ ಪೂರ್ತಿ ಸೂತ್ರವನ್ನೇ ಬಳಸಬೇಕು.